ಆರು ಖಾಲಿ ಜಾಗ, ಏಳು ಹುಡುಗರು

ಕೇಳುಗರಿಗೆ ನಮಸ್ಕಾರ. ಇವತ್ತಿನ ಕಥೆ ಅಮೆರಿಕದ ಕಪ್ಪು ವಿದ್ಯಾರ್ಥಿಗಳು ಕಟ್ಟಿಕೊಂಡ ಆಲ್ಫಾ ಫೈ ಆಲ್ಫಾ ಎಂಬ ಕೂಟದ್ದು.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇಥಾಕಾ ಅಂತ ಒಂದು ಊರಿದೆ. ಅಲ್ಲಿನ ಕಾರ್ನೆಲ್ ವಿಶ್ವವಿದ್ಯಾಲಯ ಇರುವುದು ಗುಡ್ಡದ ಮೇಲೆ, ಊರು ಕೆಳಗೆ. 1904-05ರಲ್ಲಿ ಅಲ್ಲಿ ಓದುತ್ತಿದ್ದ ಕಪ್ಪು ವಿದ್ಯಾರ್ಥಿಗಳಲ್ಲಿ ಆರು ಜನ ಮರುವರ್ಷ ಆ ಗುಡ್ಡ ಹತ್ತಲೇ ಇಲ್ಲ. ಓದು ಅಲ್ಲಿಗೇ ನಿಂತಿತು. ಇದ್ದವರೇ ಕೆಲವೇ ಜನ. ಅದರಲ್ಲಿ ಆರು ಹೋದರೆ ಉಳಿಯುವುದೆಷ್ಟು, ಹೇಳಿ.

ಅದೇ ಗುಡ್ಡದ ಮೇಲೆ ಬಿಳಿಯ ಹುಡುಗರಿಗೆ ಫ್ರಟರ್ನಿಟಿಗಳಿದ್ದವು. ಅಣ್ಣತಮ್ಮಂದಿರ ಕೂಟ ಅನ್ನಿ. ಗ್ರೀಕ್ ಅಕ್ಷರಗಳ ಹೆಸರು, ಸ್ವಂತ ಮನೆ, ಒಬ್ಬರನ್ನೊಬ್ಬರು 'ಬ್ರದರ್' ಅಂತಲೇ ಕರೆಯುವ ರೂಢಿ. ಹೊಸ ಹುಡುಗನಿಗೆ ಓದಿನಲ್ಲಿ ನೆರವು ಬೇಕೆಂದರೂ, ಮುಂದೆ ಕೆಲಸಕ್ಕೆ ಒಂದು ಮಾತು ಹೇಳಿಸಬೇಕೆಂದರೂ ಜನ ಅಲ್ಲೇ ಸಿಗುತ್ತಿದ್ದರು. ಕಪ್ಪು ಹುಡುಗರಲ್ಲೂ ಕೆಲವರು ಆ ಮನೆಗಳೊಳಗೆ ಹೋಗಿ ಬರುತ್ತಿದ್ದರು. ಊಟ ಬಡಿಸುವುದಕ್ಕೆ. ಫೀಸಿಗೆ ದುಡ್ಡು ಬೇಕಲ್ವಾ! ತಟ್ಟೆ ಎತ್ತುವಾಗ ಆ ಕೂಟದ ಸುಖ ಎಂಥದ್ದು ಅಂತ ಹತ್ತಿರದಿಂದಲೇ ಕಂಡರು.

ಮೊದಲು ಅವರು ಮಾಡಿಕೊಂಡದ್ದು ಒಂದು ಓದುವ ಬಳಗ. ಊರಿನ ಕಪ್ಪು ಕುಟುಂಬಗಳ ಮನೆಗಳಲ್ಲಿ ಸೇರುತ್ತಿದ್ದರು. ಇದನ್ನೇ ಫ್ರಟರ್ನಿಟಿ ಮಾಡೋಣ ಅಂತ ಮಾತು ಬಂದಾಗ ಜಗಳವೂ ಹುಟ್ಟಿತು. ಬಳಗದ ಮುಂದಾಳು ಪಾಯಿಂಡೆಕ್ಸ್ಟರ್ ಅಂತ, ಕೃಷಿ ವಿಷಯ ಓದುತ್ತಿದ್ದವರು. ಅವರಿಗೆ ಈ ಯೋಚನೆ ಹಿಡಿಸಲಿಲ್ಲ. ಹುಡುಗರನ್ನು ಒಟ್ಟು ಸೇರಿಸಿದವರೇ ಅವರು. ಆದರೂ ಸ್ಥಾಪಕರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ನನಗೇನೋ ಈ ಕಥೆಯಲ್ಲಿ ಅವರ ಮೇಲೆ ಸ್ವಲ್ಪ ಜಾಸ್ತಿ ಮರುಕ.

1906ರ ಡಿಸೆಂಬರ್ 4ರಂದು ಆಲ್ಫಾ ಫೈ ಆಲ್ಫಾ ಹುಟ್ಟಿತು. ಕಪ್ಪು ಬಣ್ಣ, ಹಳೆ ಚಿನ್ನದ ಬಣ್ಣ ಅವರ ಗುರುತು. ಕಾರ್ನೆಲ್‌ನ ಈ ಮೊದಲ ಶಾಖೆಯೇ ಆಲ್ಫಾ ಚಾಪ್ಟರ್. ಸ್ಥಾಪಕರು ಏಳು ಜನ: ಕ್ಯಾಲಿಸ್, ಚಾಪ್ಮನ್, ಜೋನ್ಸ್, ಕೆಲ್ಲಿ, ಮರ್ರೆ, ಓಗಲ್, ಟ್ಯಾಂಡಿ. ಸದಸ್ಯರು ಇವರನ್ನು ಇವತ್ತಿಗೂ 'ಏಳು ರತ್ನಗಳು' ಅಂತಲೇ ಕರೆಯುತ್ತಾರೆ.

ಈ ಏಳು ಜನರಲ್ಲಿ ಕೆಲವರು ಮುಂದೆ ಏನಾದರು, ಕೇಳಿ. ಟ್ಯಾಂಡಿ ನ್ಯೂಯಾರ್ಕ್ ರಾಜ್ಯದಲ್ಲಿ ನೋಂದಣಿಯಾದ ಮೊದಲ ಕಪ್ಪು ವಾಸ್ತುಶಿಲ್ಪಿ. ಕೂದಲಿನ ಔಷಧಿ ಮಾರಿ ದೊಡ್ಡ ಉದ್ಯಮ ಕಟ್ಟಿದ ಮೇಡಂ ಸಿ. ಜೆ. ವಾಕರ್ ಅವರ ಬಂಗಲೆಗೆ ನಕ್ಷೆ ಹಾಕಿದವರು ಇವರೇ. ದಕ್ಷಿಣದಿಂದ ಗುಳೆ ಎದ್ದು ಉತ್ತರದ ನಗರಗಳಿಗೆ ಬಂದ ಜನಕ್ಕೆ ಕೆಲಸ, ಮನೆ ಸಿಗಲಿ ಅಂತ ದುಡಿದ ಸಂಸ್ಥೆ ನ್ಯಾಷನಲ್ ಅರ್ಬನ್ ಲೀಗ್. ಅದನ್ನು ವರ್ಷಗಟ್ಟಲೆ ನಡೆಸಿದವರು ಜೋನ್ಸ್. ಕ್ಯಾಲಿಸ್ ಡಾಕ್ಟರಾದರು.

ಸರಿ, ಕೂಟವಾಗಿ ಜನರಿಗೆ ಏನು ಮಾಡಿದರು? ಮೊದಲು ಕೈ ಹಾಕಿದ್ದು ತಮ್ಮದೇ ನೋವಿನ ಜಾಗಕ್ಕೆ, ಅಂದರೆ ಓದಿಗೆ. 'ಹೈಸ್ಕೂಲಿಗೆ ಹೋಗಿ, ಕಾಲೇಜಿಗೆ ಹೋಗಿ' ಅಂತ 1920ರ ದಶಕದಿಂದ ಊರೂರಿನ ಮಕ್ಕಳ ಬೆನ್ನು ಬಿದ್ದರು. 1930ರ ದಶಕದಲ್ಲಿ ಇನ್ನೊಂದು ಘೋಷಣೆ ಬಂತು: 'ಮತವಿಲ್ಲದ ಜನ, ಭರವಸೆಯಿಲ್ಲದ ಜನ'. ಆಗ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮನುಷ್ಯ ಮತದಾರರ ಪಟ್ಟಿಗೆ ಸೇರಬೇಕೆಂದರೆ ತಲೆಗಂದಾಯ ಕಟ್ಟಬೇಕು, ಅಕ್ಷರ ಪರೀಕ್ಷೆ ಬರೆಯಬೇಕು. ಪಾಸೋ ಫೇಲೋ ಹೇಳುವವನು ಬಿಳಿಯ ಗುಮಾಸ್ತ. ಆ ಪಟ್ಟಿಗೆ ಹೆಸರು ಸೇರಿಸುವ ಕೆಲಸಕ್ಕೆ ಈ ಹುಡುಗರು ಇಳಿದರು.

ಡೊನಾಲ್ಡ್ ಮರ್ರೆ ಎಂಬ ಯುವಕನಿಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಬಣ್ಣ ನೋಡಿ ಕಾನೂನು ಕಾಲೇಜಿನಲ್ಲಿ ಸೀಟು ಕೊಡಲಿಲ್ಲ. ಕೋರ್ಟಿನಲ್ಲಿ ಅವನ ಪರ ನಿಂತ ವಕೀಲರಲ್ಲಿ ಒಬ್ಬರು ಥರ್ಗುಡ್ ಮಾರ್ಷಲ್. ಅವರೂ ಆಲ್ಫಾ ಸದಸ್ಯರು. 1936ರಲ್ಲಿ ಮೇರಿಲ್ಯಾಂಡಿನ ಮೇಲಿನ ಕೋರ್ಟು ಮರ್ರೆ ಪರವಾಗಿಯೇ ತೀರ್ಪು ಕೊಟ್ಟಿತು. ಮುಂದೆ ಮಾರ್ಷಲ್ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು.

1952ರಲ್ಲಿ ಬಾಸ್ಟನ್‌ನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಒಬ್ಬ ತರುಣ ಪಾದ್ರಿ ಈ ಕೂಟ ಸೇರಿದರು. ಹೆಸರು ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್. ವಾಷಿಂಗ್ಟನ್‌ನಲ್ಲಿ ಅವರದೊಂದು ಸ್ಮಾರಕ ಆಗಬೇಕು ಅಂತ 1984ರಲ್ಲಿ ಹಠ ಹಿಡಿದವರು ಇದೇ 'ಬ್ರದರ್'ಗಳು. ಸಂಸತ್ತು ಒಪ್ಪಲು 1996 ಆಯಿತು. ಆಮೇಲೆ ಸುಮಾರು 12 ಕೋಟಿ ಡಾಲರ್ ಕೂಡಿಸಬೇಕಿತ್ತು. 30 ಅಡಿಯ ಆ ಕಲ್ಲಿನ ಪ್ರತಿಮೆ ದೇಶಕ್ಕೆ ಅರ್ಪಣೆಯಾದದ್ದು 2011ರ ಅಕ್ಟೋಬರ್ 16ರಂದು. 27 ವರ್ಷ ಬೆನ್ನು ಬಿಡದೆ ಓಡಾಡಿದ್ದಾರೆ!

ಎಲ್ಲವೂ ಚಿನ್ನ ಅಂತ ಹೇಳಲಾರೆ. ಹೊಸಬರನ್ನು ಸೇರಿಸಿಕೊಳ್ಳುವಾಗ ಹೊಡೆತ, ಅವಮಾನ, ರ‍್ಯಾಗಿಂಗ್ ಅಮೆರಿಕದ ಫ್ರಟರ್ನಿಟಿಗಳಿಗೆಲ್ಲ ಅಂಟಿದ ಪಿಡುಗು. ಕಪ್ಪು ಫ್ರಟರ್ನಿಟಿಗಳಲ್ಲೂ ಹುಡುಗರ ಜೀವ ಹೋಗಿದೆ. 1990ರಲ್ಲಿ ಹಳೆಯ ಸೇರ್ಪಡೆ ಪದ್ಧತಿಯನ್ನು ಕೈಬಿಟ್ಟರು. ಕದ್ದುಮುಚ್ಚಿ ನಡೆಯುವುದು ಮಾತ್ರ ಪೂರ್ತಿ ನಿಂತಿಲ್ಲ.

ಕೊನೆಗೊಂದು ಸಣ್ಣ ಸಂಗತಿ. ಗ್ರೀಕ್ ಅಕ್ಷರಮಾಲೆಯಲ್ಲಿ ಮೊದಲನೆಯದು ಆಲ್ಫಾ, ಕೊನೆಯದು ಒಮೆಗಾ. ಶಾಖೆಗಳಿಗೆ ಈ ಅಕ್ಷರಗಳನ್ನೇ ಹೆಸರಿಡುತ್ತಾರೆ. ಆದರೆ ಒಮೆಗಾ ಚಾಪ್ಟರ್ ಯಾವ ಕಾಲೇಜಿನಲ್ಲೂ ಇಲ್ಲ. ಅದನ್ನು ತೀರಿಕೊಂಡ ಸದಸ್ಯರಿಗೆ ಎತ್ತಿಟ್ಟಿದ್ದಾರೆ. ಯಾರಾದರೂ ಹೋದರೆ 'ಒಮೆಗಾ ಚಾಪ್ಟರ್ ಸೇರಿದರು' ಅನ್ನುತ್ತಾರೆ. ಏಳು ಜನರಲ್ಲಿ ಕೊನೆಯವರಾಗಿ ಡಾಕ್ಟರ್ ಕ್ಯಾಲಿಸ್ ಆ ಚಾಪ್ಟರ್ ಸೇರಿದ್ದು 1974ರಲ್ಲಿ.

ನಮಸ್ಕಾರ.