ಟ್ರಕ್ ಗೇಮ್‌ಗೆ ದುಡ್ಡು ಹಾಕುವುದಾದರೆ ಮೊದಲು ರಸ್ತೆ, ಆಮೇಲೆ ಸ್ಟೀರಿಂಗ್

[ಪರದೆ ಮೇಲೆ: ಲಾರಿ ಕ್ಯಾಬಿನ್ ಒಳಗಿನ ನೋಟ. ಮಳೆ. ವೈಪರ್ ಓಡುತ್ತಿದೆ.]

ನಮಸ್ಕಾರ ಗೆಳೆಯರೇ. ಇವತ್ತು ಯೂರೋ ಟ್ರಕ್ ಸಿಮ್ಯುಲೇಟರ್ 2 ಬಗ್ಗೆ ಮಾತಾಡೋಣ. ಆಟ ಚೆನ್ನಾಗಿದೆಯಾ ಇಲ್ವಾ ಅಂತ ಈಗ ಹೇಳುವ ಅಗತ್ಯವೇ ಇಲ್ಲ. 2012ರ ಅಕ್ಟೋಬರ್‌ನಲ್ಲಿ ಬಂದ ಆಟವನ್ನು ಜನ ಇವತ್ತಿಗೂ ದಿನಾ ರಾತ್ರಿ ಕೂತು ಆಡುತ್ತಾರೆ ಎಂದರೆ ಉತ್ತರ ಅಲ್ಲೇ ಇದೆ. ನಾನು ಮಾತಾಡಬೇಕು ಅಂದುಕೊಂಡಿರುವುದು ಖರ್ಚಿನ ಬಗ್ಗೆ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಈ ಆಟದ ಡಿಎಲ್‌ಸಿ, ಅಂದರೆ ಆಟಕ್ಕೆ ಬೇರೆಯಾಗಿ ಕೊಂಡು ಸೇರಿಸಿಕೊಳ್ಳುವ ಭಾಗಗಳ ಪಟ್ಟಿ ತೆರೆದರೆ ಕೆಳಗೆ ಕೆಳಗೆ ಹೋಗುತ್ತಲೇ ಇರುತ್ತದೆ. ಇನ್ನೊಂದು ಕಡೆ ಸ್ಟೀರಿಂಗ್ ವೀಲ್, ಪೆಡಲ್, ಗೇರ್ ಹಾಕುವ ಶಿಫ್ಟರ್, ಸ್ಟ್ಯಾಂಡ್, ಗೇಮಿಂಗ್ ಕುರ್ಚಿ. ಹೊಸದಾಗಿ ಶುರು ಮಾಡುವವರು ಎಲ್ಲಿಂದ ಹಿಡಿಯಬೇಕು?

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಮೊದಲ ದುಡ್ಡು ರಸ್ತೆಗೆ ಹಾಕಿ. ಅಂದರೆ ಮ್ಯಾಪ್ ಡಿಎಲ್‌ಸಿಗೆ. ವೀಲ್ ಆಮೇಲೆ. ಪೇಂಟ್ ಜಾಬ್, ಕ್ಯಾಬಿನ್‌ನಲ್ಲಿ ತೂಗುಹಾಕುವ ಗೊಂಬೆ, ಅದೆಲ್ಲ ಕಟ್ಟಕಡೆಗೆ.

ಯಾಕೆ ಅಂತ ಹೇಳುತ್ತೇನೆ. ಈ ಆಟ ಮಾಡಿದ ಎಸ್‌ಸಿಎಸ್ ಸಾಫ್ಟ್‌ವೇರ್, ಜೆಕ್ ದೇಶದ ಪ್ರಾಗ್‌ನ ಕಂಪನಿ, ಒಂದು ಪದ್ಧತಿ ಇಟ್ಟುಕೊಂಡಿದೆ. ಹೊಸ ಲಾರಿ ಬಂದರೆ ಹೆಚ್ಚಾಗಿ ಉಚಿತ ಅಪ್‌ಡೇಟ್‌ನಲ್ಲೇ ಕೊಡುತ್ತದೆ. 2021ರಲ್ಲಿ ಡಾಫ್ ಕಂಪನಿ ತನ್ನ ಹೊಸ ಎಕ್ಸ್‌ಜಿ ಲಾರಿಯನ್ನು ಜಗತ್ತಿಗೆ ತೋರಿಸಿದಾಗಲೇ ಆಟದಲ್ಲೂ ಅದು ಬಂತು, ಒಂದು ಪೈಸೆ ಇಲ್ಲದೆ. ಜರ್ಮನಿಯಂಥ ಹಳೇ ಭಾಗಗಳನ್ನು ಹೊಸದಾಗಿ ಕಟ್ಟಿದ್ದೂ ಉಚಿತವಾಗಿಯೇ. ವೋಲ್ವೊ ಎಫ್‌ಎಚ್ ಓಡಿಸಬೇಕು ಅಂದರೂ ಬೇರೆ ಏನೂ ಕೊಳ್ಳಬೇಕಿಲ್ಲ. ನಮ್ಮ ಹೊಸಕೋಟೆಯಲ್ಲಿ 1998ರಿಂದ ವೋಲ್ವೊ ಲಾರಿ ತಯಾರಾಗುತ್ತಿರುವುದರಿಂದಲೋ ಏನೋ, ನನಗಂತೂ ಗ್ಯಾರೇಜ್‌ನಲ್ಲಿ ಅದೇ ಮೊದಲು ನಿಲ್ಲಬೇಕು. ಲಾರಿ ಉಚಿತ, ಹಳೇ ರಸ್ತೆಗಳ ರಿಪೇರಿ ಉಚಿತ, ಹಾಗಾದರೆ ಕಂಪನಿ ಬದುಕುವುದು ಯಾವುದರಿಂದ? ಬಹುಪಾಲು ಮ್ಯಾಪ್‌ಗಳಿಂದ. ನಾವು ಅಲ್ಲಿ ಕೊಟ್ಟ ದುಡ್ಡು ಮತ್ತೆ ರಸ್ತೆಯಾಗಿಯೇ ನಮ್ಮ ಕೈಗೆ ಬರುತ್ತದೆ. ಇದು ನನಗೆ ತುಂಬಾ ಇಷ್ಟವಾದ ಲೆಕ್ಕ.

[ಪರದೆ ಮೇಲೆ: ಆಟದ ಯೂರೋಪ್ ನಕ್ಷೆ. ಒಂದೊಂದೇ ಭಾಗ ಬಣ್ಣ ತುಂಬಿಕೊಳ್ಳುತ್ತದೆ.]

ಮೂಲ ಆಟದಲ್ಲಿ ಏನಿದೆ ಅಂತ ಮೊದಲು ನೋಡಿ. ಬ್ರಿಟನ್, ಜರ್ಮನಿ, ನೆದರ್ಲೆಂಡ್ಸ್, ಬೆಲ್ಜಿಯಂ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್ ಇವೆ. ಫ್ರಾನ್ಸ್, ಇಟಲಿ, ಪೋಲೆಂಡ್‌ಗಳ ಒಂದಷ್ಟು ಭಾಗ ಇದೆ. ನಮ್ಮ ಕಡೆಯವರಿಗೆ ಒಂದು ಸಲಹೆ: ಆಟದಲ್ಲಿ ನಿಮ್ಮ ಮೊದಲ ಲಾರಿ ಕಂಪನಿ ಬ್ರಿಟನ್‌ನಲ್ಲಿ ಶುರು ಮಾಡಿ. ಅಲ್ಲಿ ನಮ್ಮ ಹಾಗೇ ರಸ್ತೆಯ ಎಡಗಡೆ ಓಡಿಸುವುದು. ಲಾರಿ ಕೊಳ್ಳುವಾಗ ಸ್ಟೀರಿಂಗ್ ಬಲಗಡೆ ಇರುವ ಕ್ಯಾಬಿನ್ ಆರಿಸಿಕೊಳ್ಳಬಹುದು. ಕೈ ಕೂತ ಮೇಲೆ ಸಮುದ್ರ ದಾಟಿ ಫ್ರಾನ್ಸ್‌ಗೆ ಹೋಗಿ. ಅಲ್ಲಿ ಬಲಗಡೆ ಓಡಿಸಬೇಕು. ಮೊದಲ ರೌಂಡ್‌ಅಬೌಟ್‌ನಲ್ಲೇ ತಲೆ ಗಿರ್ರ್ ಅನ್ನುತ್ತದೆ, ಆದರೆ ಒಂದು ವಾರದಲ್ಲಿ ಸರಿಹೋಗುತ್ತದೆ.

ಆಮೇಲೆ ಯಾವ ಮ್ಯಾಪ್? ಒಂದೇ ಕೊಳ್ಳಲು ಆಗುವುದಾದರೆ ಐಬೀರಿಯಾ ಕೊಳ್ಳಿ. 2021ರಲ್ಲಿ ಬಂದದ್ದು, ಸ್ಪೇನ್ ಮತ್ತು ಪೋರ್ಚುಗಲ್. 2013ರ ಗೋಯಿಂಗ್ ಈಸ್ಟ್ ಓಡಿಸಿ ಬಂದು ನೇರವಾಗಿ ಇದಕ್ಕೆ ಇಳಿದರೆ ಎರಡೂ ಒಂದೇ ಆಟ ಅಂತ ನಂಬುವುದು ಕಷ್ಟ. ಹಳೆಯದರಲ್ಲಿ ಹೆದ್ದಾರಿ, ಪಕ್ಕಕ್ಕೆ ಗೋಡೆಯಂತೆ ಮರ, ಮತ್ತೆ ಹೆದ್ದಾರಿ. ಐಬೀರಿಯಾದಲ್ಲಿ ಒಣ ಬಯಲು, ಆಲಿವ್ ತೋಟ, ದೂರದಲ್ಲಿ ಗುಡ್ಡ, ಊರೊಳಗೆ ಲಾರಿ ತಿರುಗಿಸಲು ಜಾಗವೇ ಇಲ್ಲದ ಬೀದಿ. ಬಿಸಿಲು ಕೂಡ ಬೇರೆ ಬಣ್ಣದ್ದು. ಎರಡನೆಯದು ಸ್ಕ್ಯಾಂಡಿನೇವಿಯಾ, 2015ರದ್ದು. ಡೆನ್ಮಾರ್ಕ್, ಸ್ವೀಡನ್, ನಾರ್ವೆ. ಹಳೆಯದಾದರೂ ನಾರ್ವೆಯ ಏರಿಳಿತ, ಸುರಂಗ ಇವತ್ತಿಗೂ ಬೇಸರ ತರಿಸುವುದಿಲ್ಲ. ಇಟಲಿಯದ್ದು ತಗೊಂಡರೆ ದಕ್ಷಿಣದ ತುದಿಯಿಂದ ಸಿಸಿಲಿಗೆ ಫೆರಿಯಲ್ಲಿ ದಾಟಬಹುದು. ರೋಡ್ ಟು ದ ಬ್ಲ್ಯಾಕ್ ಸೀ ತಗೊಂಡರೆ ಬಲ್ಗೇರಿಯಾ ದಾಟಿ ಇಸ್ತಾಂಬುಲ್‌ವರೆಗೂ ಲೋಡ್ ಹೊಡೆಯಬಹುದು. 2023ರ ವೆಸ್ಟ್ ಬಾಲ್ಕನ್ಸ್, 2024ರ ಗ್ರೀಸ್, ಎರಡೂ ಚೆಂದ. ಆತುರ ಬೇಡ. ಸ್ಟೀಮ್‌ನಲ್ಲಿ ಬೇಸಿಗೆ ಸೇಲ್, ಚಳಿಗಾಲದ ಸೇಲ್ ಬರುತ್ತವೆ, ಆಗ ಹಳೇ ಮ್ಯಾಪ್‌ಗಳ ಬೆಲೆ ಚೆನ್ನಾಗಿ ಇಳಿಯುತ್ತದೆ. ವಿಶ್‌ಲಿಸ್ಟ್‌ಗೆ ಹಾಕಿ ಕಾಯಿರಿ.

ಮ್ಯಾಪ್ ಅಂದರೆ ಬರೀ ದೃಶ್ಯ ಅಂತ ಕೆಲವರು ಹೇಳುತ್ತಾರೆ. ಒಪ್ಪಲಾರೆ. ಆಟದ ನಕ್ಷೆ ಹೆಚ್ಚಿನ ಕಡೆ 1:19 ಅಳತೆಯಲ್ಲಿದೆ. ನಿಜವಾದ ಹತ್ತೊಂಬತ್ತು ಕಿಲೋಮೀಟರ್ ಇಲ್ಲಿ ಒಂದು ಕಿಲೋಮೀಟರ್. ಹಾಗಾಗಿ ಚಿಕ್ಕ ಮ್ಯಾಪ್‌ನಲ್ಲಿ ಅದೇ ತಿರುವು, ಅದೇ ಬಂಕ್ ಬೇಗ ಬೇಗ ಎದುರಾಗುತ್ತವೆ. ಈ ಆಟದಲ್ಲಿ ನಾವು ಮಾಡುವ ಕೆಲಸ ಒಂದೇ, ಓಡಿಸುವುದು. ರಸ್ತೆ ಹೊಸದಾದರೆ ಆ ಕೆಲಸ ಹೊಸದಾಗುತ್ತದೆ. ಬೇರೆ ಯಾವ ಡಿಎಲ್‌ಸಿಗೂ ಆ ಶಕ್ತಿ ಇಲ್ಲ.

ಪೇಂಟ್ ಜಾಬ್ ಪ್ಯಾಕ್‌ಗಳು? ಕ್ಯಾಬಿನ್ ಒಳಗೆ ಕೂತು ಓಡಿಸುವವರಿಗೆ ಹೊರಗಿನ ಬಣ್ಣ ಕಾಣುವುದೇ ಇಲ್ಲ. ಫೋಟೊ ತೆಗೆಯುವ ಹವ್ಯಾಸ ಇದ್ದರೆ ಕೊಳ್ಳಿ. ಸ್ಪೆಷಲ್ ಟ್ರಾನ್ಸ್‌ಪೋರ್ಟ್ ಮಾತ್ರ ಬೇರೆ ಜಾತಿ. ದೈತ್ಯ ಯಂತ್ರ ಹೊತ್ತು, ಮುಂದೆ ಹಿಂದೆ ಬೆಂಗಾವಲು ವಾಹನ ಇಟ್ಟುಕೊಂಡು ಹೋಗುವ ಕೆಲಸ. ಅದು ಓಡಿಸುವ ರೀತಿಯನ್ನೇ ಬದಲಿಸುತ್ತದೆ, ದುಡ್ಡು ವಸೂಲ್.

[ಪರದೆ ಮೇಲೆ: ಮೇಜಿಗೆ ಬಿಗಿದ ಸ್ಟೀರಿಂಗ್ ವೀಲ್. ಯುಎಸ್‌ಬಿ ಚುಚ್ಚಿದ ಕ್ಷಣ.]

ಈಗ ವೀಲ್. ಲಾಜಿಟೆಕ್ ಜಿ29 ಹೆಸರು ಕೇಳಿರುತ್ತೀರಿ, 2015ರಲ್ಲಿ ಬಂದದ್ದು. ವೈರ್ ಚುಚ್ಚಿದ ತಕ್ಷಣ ಅದು ತಾನೇ ಎಡಕ್ಕೆ ಪೂರ್ತಿ ತಿರುಗುತ್ತದೆ, ಬಲಕ್ಕೆ ಪೂರ್ತಿ ತಿರುಗುತ್ತದೆ, ಆಮೇಲೆ ನಡುವೆ ಬಂದು ನಿಲ್ಲುತ್ತದೆ. ಒಟ್ಟು 900 ಡಿಗ್ರಿ, ಅಂದರೆ ಎರಡೂವರೆ ಸುತ್ತು. ನಿಜವಾದ ಲಾರಿಯಲ್ಲಿ ಸುತ್ತು ಇನ್ನೂ ಜಾಸ್ತಿ, ಆದರೆ ಈ ಆಟಕ್ಕೆ ಎರಡೂವರೆ ಧಾರಾಳವಾಗಿ ಸಾಕು. ಒಳಗೆ ಹಲ್ಲಿನ ಗೇರ್ ಇರುವುದರಿಂದ ಕೆಟ್ಟ ರಸ್ತೆಯಲ್ಲಿ ಕಟಕಟ ಸದ್ದು ಬರುತ್ತದೆ. ಥ್ರಸ್ಟ್‌ಮಾಸ್ಟರ್ ಟಿ300 ಬೆಲ್ಟ್ ಮೇಲೆ ಓಡುತ್ತದೆ, ಅದು ಮೆತ್ತಗೆ. ಅದಕ್ಕೂ ಮೇಲೆ ಡೈರೆಕ್ಟ್ ಡ್ರೈವ್ ವೀಲ್‌ಗಳಿವೆ, ಮೋಟರ್ ನೇರವಾಗಿ ಸ್ಟೀರಿಂಗ್‌ಗೇ ಜೋಡಿಸಿರುತ್ತದೆ.

ಟ್ರಕ್ ಆಟ ಮಾತ್ರ ಆಡುವವರು ಡೈರೆಕ್ಟ್ ಡ್ರೈವ್ ಕೊಳ್ಳಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ರೇಸಿಂಗ್ ಆಟದಲ್ಲಿ ಟಯರ್ ಜಾರುವ ಕ್ಷಣ ಕೈಗೆ ಗೊತ್ತಾಗಬೇಕು, ಅಲ್ಲಿ ಬಲವಾದ ಮೋಟರ್‌ಗೆ ಕೆಲಸ ಇದೆ. ಈ ಆಟದಲ್ಲಿ ಕೈಗೆ ಬರುವ ಸುದ್ದಿ ಅಷ್ಟು ಸೂಕ್ಷ್ಮವಲ್ಲ: ರಸ್ತೆಯ ಉಬ್ಬು, ತಿರುವಿನ ಬಿಗಿ, ಎಂಜಿನ್ ನಡುಕ, ಡಿಕ್ಕಿ. ಅದನ್ನು ಜಿ29 ಚೆನ್ನಾಗಿಯೇ ಹೇಳುತ್ತದೆ. ಉಳಿದ ದುಡ್ಡಲ್ಲಿ ಮ್ಯಾಪ್ ಬರುತ್ತದಲ್ವಾ.

ವೀಲ್ ತಂದ ದಿನವೇ ಮಾಡಬೇಕಾದ ಎರಡು ಸೆಟ್ಟಿಂಗ್ ಹೇಳಿಬಿಡುತ್ತೇನೆ. ಆಟದ ಕಂಟ್ರೋಲ್ಸ್‌ನಲ್ಲಿ ಸ್ಟೀರಿಂಗ್ ನಾನ್‌ಲೀನಿಯಾರಿಟಿ ಅನ್ನುವುದನ್ನು ಪೂರ್ತಿ ಎಡಕ್ಕೆ ಎಳೆಯಿರಿ, ಇಲ್ಲದಿದ್ದರೆ ನಡುವೆ ಸ್ಟೀರಿಂಗ್ ಸತ್ತಂತೆ ಇದ್ದು ಆಮೇಲೆ ಒಮ್ಮೆಲೇ ತಿರುಗುತ್ತದೆ. ಆಮೇಲೆ ಪರದೆಯ ಮೇಲಿನ ಸ್ಟೀರಿಂಗ್ ತಿರುಗುವ ಅಳತೆಯನ್ನು 900 ಡಿಗ್ರಿಗೆ ಇಡಿ. ನಿಮ್ಮ ಕೈ ಎಷ್ಟು ತಿರುಗಿತೋ ಅಷ್ಟೇ ಒಳಗಿನ ಸ್ಟೀರಿಂಗ್ ತಿರುಗಿದರೆ ಮೆದುಳು ಅದನ್ನು ಬೇಗ ಒಪ್ಪಿಕೊಳ್ಳುತ್ತದೆ.

ಪೆಡಲ್ ವಿಷಯಕ್ಕೆ ಬರೋಣ, ಯಾಕೆಂದರೆ ನಮ್ಮ ಮನೆಗಳಲ್ಲಿ ತೊಂದರೆ ಶುರುವಾಗುವುದೇ ಇಲ್ಲಿ. ಜಿ29ರ ಬ್ರೇಕ್ ಪೆಡಲ್ ಒಳಗೆ ಒಂದು ರಬ್ಬರ್ ತುಂಡು ಇದೆ. ಅದರಿಂದ ಬ್ರೇಕ್ ಗಟ್ಟಿ, ಕಾಲಲ್ಲಿ ಬಲವಾಗಿ ತುಳಿಯಬೇಕು. ಪೆಡಲ್ ಅಡಿಯಲ್ಲಿ ಕಾರ್ಪೆಟ್‌ಗೆ ಕಚ್ಚಿಕೊಳ್ಳುವ ಹಲ್ಲು ಇದೆ, ಆದರೆ ನಮ್ಮಲ್ಲಿ ಟೈಲ್ಸ್, ಗ್ರಾನೈಟ್, ರೆಡ್ ಆಕ್ಸೈಡ್ ನೆಲ. ತುಳಿದರೆ ಪೆಡಲ್ ಮುಂದಕ್ಕೆ ಜಾರುತ್ತದೆ, ಚಕ್ರದ ಕುರ್ಚಿ ಹಿಂದಕ್ಕೆ ಓಡುತ್ತದೆ. ಎದುರಿಗೆ ಸಿಗ್ನಲ್ ಕೆಂಪಾಗಿರುತ್ತದೆ, ನೀವು ಕೋಣೆಯ ಇನ್ನೊಂದು ತುದಿಯಲ್ಲಿ ಇರುತ್ತೀರಿ. ಇದಕ್ಕೆ ದುಬಾರಿ ಸ್ಟ್ಯಾಂಡ್ ಬೇಕಾಗಿಲ್ಲ. ಪೆಡಲ್ ಹಿಂದೆ ಗೋಡೆಯವರೆಗೆ ಒಂದು ಮರದ ಹಲಗೆ ಅಡ್ಡ ಕೊಡಿ. ಕುರ್ಚಿ ಚಕ್ರವಿಲ್ಲದ್ದು ಇರಲಿ, ಊಟದ ಮೇಜಿನ ಕುರ್ಚಿಯೇ ಆದೀತು. ಗೇಮಿಂಗ್ ಕುರ್ಚಿ ಅಂತ ಮಾರುವ ಚಕ್ರದ ಕುರ್ಚಿ ಸ್ಟೀರಿಂಗ್ ಆಟಕ್ಕೆ ನನ್ನ ಪ್ರಕಾರ ಬೇಡವೇ ಬೇಡ. ಮೇಜು ಗಟ್ಟಿ ಮರದ್ದಾಗಿರಲಿ, ಗಾಜಿನ ಮೇಜಿಗೆ ಕ್ಲ್ಯಾಂಪ್ ಬಿಗಿಯಬೇಡಿ.

ಬ್ರೇಕ್ ಬಗ್ಗೆ ಇನ್ನೊಂದು ಮಾತು. ಶಿರಾಡಿ ಘಾಟಿಯಲ್ಲಿ ಲೋಡ್ ಲಾರಿ ಇಳಿಸುವವರು ಗೇರ್ ಇಳಿಸಿಕೊಂಡು ಎಂಜಿನ್ ಹಿಡಿತದ ಮೇಲೆ ಬರುತ್ತಾರಲ್ಲ, ಆಟದಲ್ಲಿ ನಾರ್ವೆ, ಸ್ವಿಟ್ಜರ್ಲೆಂಡ್ ಇಳಿಯುವಾಗಲೂ ಹಾಗೇ ಮಾಡಿ. ಏರ್ ಬ್ರೇಕ್ ಸಿಮ್ಯುಲೇಷನ್ ಆನ್ ಮಾಡಿ ನೋಡಿ. ಪದೇ ಪದೇ ಬ್ರೇಕ್ ತುಳಿದರೆ ಡ್ಯಾಶ್‌ಬೋರ್ಡ್‌ನಲ್ಲಿ ಗಾಳಿಯ ಮುಳ್ಳು ಕೆಳಗಿಳಿಯುತ್ತಾ ಹೋಗುತ್ತದೆ. ಕಾಲು ಬ್ರೇಕ್ ಮುಟ್ಟದೆ ಲಾರಿಯ ವೇಗ ತಗ್ಗಿಸುವ ರಿಟಾರ್ಡರ್‌ಗೆ ಸ್ಟೀರಿಂಗ್ ಮೇಲೆ ಕೈಗೆ ಸಿಗುವ ಎರಡು ಬಟನ್ ಕೊಟ್ಟುಕೊಳ್ಳಿ, ಒಂದು ಏರಿಸಲು, ಒಂದು ಇಳಿಸಲು. ಇಪ್ಪತ್ತು ಟನ್ ಹಿಂದಿನಿಂದ ತಳ್ಳುತ್ತಿರುವಾಗ ಕಾಲು ಬ್ರೇಕ್ ಮೇಲಿಲ್ಲದೆ, ಬೆರಳಲ್ಲೇ ವೇಗ ಹಿಡಿದು ತಿರುವಿಗೆ ಇಳಿಯುವ ಖುಷಿ ಇದೆಯಲ್ಲ, ಅದಕ್ಕೇ ಈ ಆಟ ಆಡುವುದು.

ಶಿಫ್ಟರ್ ಅಷ್ಟು ಮುಖ್ಯ ಅಲ್ಲ. ಯೂರೋಪಿನ ಹೊಸ ಲಾರಿಗಳು ಹೇಗೂ ಆಟೋಮ್ಯಾಟಿಕ್. ಅಮೆರಿಕನ್ ಟ್ರಕ್ ಸಿಮ್ಯುಲೇಟರ್‌ನಲ್ಲಿ 18 ಗೇರ್ ಹಾಕುವ ಆಸೆ ಇದ್ದರೆ ಆಗ ನೋಡೋಣ. ಬಟನ್ ಸಾಲದಿದ್ದರೆ ಲ್ಯಾಪ್‌ಟಾಪ್‌ಗೆ ಸಿಗುವ ಸಾದಾ ನಂಬರ್ ಕೀಪ್ಯಾಡ್ ತನ್ನಿ. ಲೈಟ್, ವೈಪರ್, ಹ್ಯಾಂಡ್‌ಬ್ರೇಕ್ ಎಲ್ಲಾ ಅದರ ಮೇಲೆ ಕೂರುತ್ತವೆ.

ಸೆಕೆಂಡ್ ಹ್ಯಾಂಡ್ ವೀಲ್ ತರುವವರು ಅವರ ಮನೆಯಲ್ಲೇ ಚುಚ್ಚಿಸಿ ನೋಡಿ. ಆ ಎಡ, ಬಲ ಸುತ್ತು ಎಲ್ಲೂ ತಡೆಯದೆ ಮುಗಿಯಬೇಕು. ಆಮೇಲೆ ಆಕ್ಸಿಲರೇಟರನ್ನು ತುಂಬಾ ನಿಧಾನವಾಗಿ ಒತ್ತುತ್ತಾ ಪರದೆಯ ಪಟ್ಟಿ ನೋಡಿ. ಪಟ್ಟಿ ಸರಾಗವಾಗಿ ಏರದೆ ಹಾರಿ ಹಾರಿ ಬಿದ್ದರೆ ಪೆಡಲ್ ಎಷ್ಟು ಒತ್ತಿದೆ ಅಂತ ಅಳೆಯುವ ಒಳಗಿನ ಪೊಟೆನ್ಷಿಯೋಮೀಟರ್‌ನಲ್ಲಿ ಧೂಳು ಕೂತಿರಬಹುದು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದರೆ ಎಷ್ಟೋ ಸಲ ಸರಿಹೋಗುತ್ತದೆ, ಆದರೆ ಬೆಲೆ ಇಳಿಸಿ ಕೇಳಿ.

[ಪರದೆ ಮೇಲೆ: ಒಂದು ಬದಿ ತಲೆ ತಿರುಗಿಸುವ ಚಾಲಕ, ಇನ್ನೊಂದು ಬದಿ ಕನ್ನಡಿಯತ್ತ ತಿರುಗುವ ನೋಟ.]

ಎಲ್ಲಕ್ಕಿಂತ ಜಾಸ್ತಿ ವ್ಯತ್ಯಾಸ ತರುವ ವಸ್ತು ಉಚಿತವಾಗಿ ಸಿಗುತ್ತದೆ ಅಂದರೆ ನಂಬುತ್ತೀರಾ? ಹೆಡ್ ಟ್ರ್ಯಾಕಿಂಗ್. ಓಪನ್‌ಟ್ರ್ಯಾಕ್ ಅಂತ ಒಂದು ಸಾಫ್ಟ್‌ವೇರ್ ಇದೆ. ಸಾದಾ ವೆಬ್‌ಕ್ಯಾಮ್ ಸಾಕು. ಇನ್‌ಪುಟ್‌ನಲ್ಲಿ ನ್ಯೂರಲ್‌ನೆಟ್ ಟ್ರ್ಯಾಕರ್ ಆರಿಸಿ, ಔಟ್‌ಪುಟ್‌ನಲ್ಲಿ ಫ್ರೀಟ್ರ್ಯಾಕ್ ಆರಿಸಿ, ಸ್ಟಾರ್ಟ್ ಒತ್ತಿ, ಆಟ ತೆರೆಯಿರಿ. ನೀವು ತಲೆ ಎಡಕ್ಕೆ ತಿರುಗಿಸಿದರೆ ಚಾಲಕನ ನೋಟ ಎಡಗನ್ನಡಿಗೆ ಹೋಗುತ್ತದೆ. ಮುಂದೆ ಬಾಗಿದರೆ ಗಾಜಿನ ಹತ್ತಿರ ಬಂದು ಅಡ್ಡರಸ್ತೆ ನೋಡಬಹುದು. ಟ್ರೇಲರ್ ರಿವರ್ಸ್ ಹಾಕುವಾಗ ಮೌಸ್ ಹಿಡಿದು ಒದ್ದಾಡುವುದು ತಪ್ಪುತ್ತದೆ, ಎರಡೂ ಕೈ ಸ್ಟೀರಿಂಗ್ ಮೇಲೇ ಇರುತ್ತವೆ.

ಒಂದೆರಡು ಸೂಕ್ಷ್ಮ ಇದೆ. ಮುಖದ ಮೇಲೆ ಬೆಳಕು ಬೀಳಬೇಕು, ಕತ್ತಲೆ ಕೋಣೆಯಲ್ಲಿ ನೋಟ ನಡುಗುತ್ತದೆ. ಓಪನ್‌ಟ್ರ್ಯಾಕ್‌ನ ಮ್ಯಾಪಿಂಗ್‌ನಲ್ಲಿ ‘ಯಾ’ (Yaw, ತಲೆ ಎಡ ಬಲ ತಿರುಗುವುದು) ಅನ್ನುವ ಗೆರೆಯ ಆರಂಭದಲ್ಲಿ ಸ್ವಲ್ಪ ಭಾಗ ಚಪ್ಪಟೆಯಾಗಿ ಬಿಡಿ, ನೇರ ರಸ್ತೆಯಲ್ಲಿ ಸಣ್ಣ ಅಲುಗಾಟಕ್ಕೆ ನೋಟ ಅಲುಗಬಾರದು. ಆಮೇಲೆ ಗೆರೆ ಕಡಿದಾಗಿ ಏರಲಿ. ತಲೆ ಸ್ವಲ್ಪ ತಿರುಗಿದರೆ ಆಟದಲ್ಲಿ ಪೂರ್ತಿ ತಿರುಗಬೇಕು, ನಿಮ್ಮ ಕಣ್ಣು ಪರದೆ ಬಿಟ್ಟು ಹೋಗಬಾರದು. ಮತ್ತೆ ನಡುವಿಗೆ ತರುವ ಬಟನ್ ಒಂದನ್ನು ಸ್ಟೀರಿಂಗ್ ಮೇಲೆ ಇಟ್ಟುಕೊಳ್ಳಿ. ಮೊದಲ ಸಂಜೆ ಸ್ವಲ್ಪ ತಲೆ ಸುತ್ತಬಹುದು, ಆಗ ನಿಲ್ಲಿಸಿ, ಮಾರನೇ ದಿನ ಆಡಿ.

ಕೊನೆಗೆ ಮಾಡ್‌ಗಳು, ಅಂದರೆ ಆಡುವವರೇ ಮಾಡಿ ಆಟಕ್ಕೆ ಸೇರಿಸುವ ಬದಲಾವಣೆಗಳು. ಪ್ರೋಮಾಡ್ಸ್ ಅಭಿಮಾನಿಗಳೇ ಕಟ್ಟಿದ ಮ್ಯಾಪ್, ಉಚಿತ, ಎಸ್‌ಸಿಎಸ್ ಮುಟ್ಟದ ಎಷ್ಟೋ ಊರುಗಳು ಅದರಲ್ಲಿವೆ. ಆದರೆ ಅದು ಓಡಲು ಕಂಪನಿಯ ಮ್ಯಾಪ್ ಡಿಎಲ್‌ಸಿಗಳು ಬೇಕು, ಮತ್ತು ಆಟದ ಆವೃತ್ತಿ ಸರಿಯಾಗಿ ಹೊಂದಬೇಕು. ಆಟಕ್ಕೆ ದೊಡ್ಡ ಅಪ್‌ಡೇಟ್ ಬಂದರೆ ಮಾಡ್ ಹೊಸದಾಗುವವರೆಗೆ ಕಾಯಬೇಕು. ಕಾಯಲಾಗದವರು ಸ್ಟೀಮ್‌ನಲ್ಲಿ ಆಟದ ಪ್ರಾಪರ್ಟೀಸ್ ತೆರೆದು ಬೀಟಾಸ್‌ನಲ್ಲಿ ಹಳೇ ಆವೃತ್ತಿ ಆರಿಸಿಕೊಳ್ಳಬಹುದು. ಮಾಡ್‌ಗೆ ಬೇರೆ ಪ್ರೊಫೈಲ್ ಮಾಡಿ, ನೂರಾರು ಗಂಟೆ ಓಡಿಸಿದ ಪ್ರೊಫೈಲ್ ಮೇಲೆ ಪ್ರಯೋಗ ಬೇಡ.

ನಮ್ಮ ಹುಡುಗರು ಜಾಸ್ತಿ ಹುಡುಕುವುದು ಐರಾವತ ಬಣ್ಣದ ಬಸ್ಸು, ನಮ್ಮ ಲಾರಿಗಳು. ಅದರಲ್ಲಿ ತುಂಬಾ ಪ್ರೀತಿಯಿಂದ ಮಾಡಿದ ಕೆಲಸ ಇದೆ. ಆದರೆ ಯಾರೋ ಮಾಡಿದ್ದನ್ನು ಇನ್ಯಾರೋ ಕದ್ದು ಬೇರೆ ಸೈಟಿಗೆ ಹಾಕುವುದೂ ನಡೆಯುತ್ತದೆ. ಸ್ಟೀಮ್ ವರ್ಕ್‌ಶಾಪ್‌ನಲ್ಲಿ ಸಿಕ್ಕರೆ ಅಲ್ಲಿಂದಲೇ ತಗೊಳ್ಳಿ, ಇಲ್ಲವಾದರೆ ಮಾಡಿದವರ ಸ್ವಂತ ಪುಟ ಹುಡುಕಿ. ಈ ಆಟದ ಮಾಡ್ ಫೈಲ್ ಹೆಸರು ಡಾಟ್ ಎಸ್‌ಸಿಎಸ್ ಅಂತ ಮುಗಿಯುತ್ತದೆ, ಕೆಲವು ಸಲ ಜಿಪ್ ಇರುತ್ತದೆ. ಡಾಕ್ಯುಮೆಂಟ್ಸ್ ಒಳಗೆ ಆಟದ ಹೆಸರಿನ ಫೋಲ್ಡರ್, ಅದರೊಳಗೆ ಮಾಡ್ ಅನ್ನುವ ಫೋಲ್ಡರ್, ಅಲ್ಲಿಗೆ ಹಾಕಿ, ಆಟದ ಮಾಡ್ ಮ್ಯಾನೇಜರ್‌ನಲ್ಲಿ ಆನ್ ಮಾಡಿದರೆ ಮುಗಿಯಿತು. ಐದಾರು ಜಾಹೀರಾತು ದಾಟಿಸಿ ಕೊನೆಗೆ ಡಾಟ್ ಇಎಕ್ಸ್‌ಇ ಫೈಲ್ ಕೈಗೆ ಕೊಟ್ಟರೆ ಅದನ್ನು ತೆರೆಯಲೇಬೇಡಿ, ಅಲ್ಲೇ ಡಿಲೀಟ್ ಮಾಡಿ.