ದಿಂಬು ಹುಡುಕಿಕೊಂಡು ಮರಡಿಹಳ್ಳಿಗೆ

ಎಲ್ಲರಿಗೂ ನಮಸ್ಕಾರ.

ಸಂಜೆ ಆರು ಗಂಟೆಗೆ, ಅದೂ ದಾವಣಗೆರೆಯಲ್ಲಿ, ಮಂಡಕ್ಕಿ ಮೆಣಸಿನಕಾಯಿ ಬಿಟ್ಟು ಕಲ್ಲಿನ ಕತೆ ಕೇಳಲು ಇಷ್ಟು ಜನ ಬಂದಿದ್ದೀರಲ್ಲ, ನಿಮ್ಮ ಧೈರ್ಯ ದೊಡ್ಡದು. ಚಿಂತೆ ಬೇಡ, ಮೆಣಸಿನಕಾಯಿ ನನ್ನ ಮಾತಿನಲ್ಲೂ ಬರುತ್ತದೆ.

ಮೊದಲು ಒಂದು ಪ್ರಶ್ನೆ ಮುಗಿಸಿಬಿಡೋಣ. ನಾನು ಎಲ್ಲಿ ಮಾತಾಡಿದರೂ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. "ಸಾರ್, ಚಿತ್ರದುರ್ಗದ ಕೋಟೆ ಬೆಟ್ಟ ಜ್ವಾಲಾಮುಖಿಯಂತೆ ಹೌದಾ? ಮತ್ತೆ ಸಿಡಿಯುತ್ತಾ?" ಇಲ್ಲ ಸ್ವಾಮಿ, ಸಿಡಿಯಲ್ಲ. ನಮ್ಮ ದೇಶದಲ್ಲಿ ಈಗಲೂ ಉಗುಳುತ್ತಿರುವ ಜ್ವಾಲಾಮುಖಿ ಇರುವುದು ಅಂಡಮಾನಿನ ಬ್ಯಾರನ್ ದ್ವೀಪದಲ್ಲಿ. ನೀವು ನಿಶ್ಚಿಂತೆಯಿಂದ ಕೋಟೆ ಹತ್ತಬಹುದು.

ಕೋಟೆ ಕೂತಿರುವುದು ಗ್ರಾನೈಟ್ ಮೇಲೆ. ಅದೂ ಒಂದು ಕಾಲಕ್ಕೆ ಕರಗಿದ ಕಲ್ಲೇ. ಆದರೆ ಹೊರಗೆ ಬರಲಿಲ್ಲ. ನೆಲದಡಿ ಕಿಲೋಮೀಟರ್‌ಗಟ್ಟಲೆ ಆಳದಲ್ಲೇ ಉಳಿದು ಬಹಳ ನಿಧಾನವಾಗಿ ಆರಿತು. ಅದಕ್ಕೇ ಅದರ ಹರಳುಗಳು ಕಣ್ಣಿಗೆ ಕಾಣುವಷ್ಟು ದಪ್ಪ. ಮೇಲಿನ ನೆಲವೆಲ್ಲ ಸವೆದು ಹೋದಮೇಲೆ ಬೆಟ್ಟ ಬೆಳಕು ಕಂಡಿತು. ಬಿರುಕು ಬಿಟ್ಟ ಕಡೆ ಮೂಲೆಗಳು ಮೊದಲು ಸವೆದು, ಬಂಡೆಗಳು ಗುಂಡಗಾದವು. ಹೀಗೆ ಒಂದರ ಮೇಲೊಂದು ಕೂತ ಗುಂಡುಗಳ ಸಂದಿನಲ್ಲಿ ನಮ್ಮ ನಾಯಕರು ಗೋಡೆ ಕಟ್ಟಿಕೊಂಡರು. ಅರ್ಧ ಕೋಟೆಯನ್ನು ಬಂಡೆಗಳೇ ಕಟ್ಟಿಕೊಟ್ಟಿದ್ದವು ಅನ್ನಿ.

ಹಾಗಾದರೆ ಜ್ವಾಲಾಮುಖಿ ಇರಲೇ ಇಲ್ವಾ? ಇತ್ತು. ಆದರೆ ಶಂಕುವಿನ ಥರ ಬೆಟ್ಟ, ಮೇಲೆ ಹೊಗೆ, ಅಂಥದ್ದನ್ನು ಹುಡುಕಬೇಡಿ. ಅದು ಸಮುದ್ರದ ತಳದಲ್ಲಿತ್ತು. ನಗಬೇಡಿ. ಬೋರ್‌ವೆಲ್ ಎಷ್ಟು ಆಳ ಕೊರೆಸಿದರೂ ಬರೀ ಧೂಳು ಬರುವ ಹಿರಿಯೂರು ಸೀಮೆಯ ವಿಷಯವೇ ನಾನು ಹೇಳುತ್ತಿರುವುದು.

ಯಾವಾಗ ಅಂತೀರಾ? ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಈ ಮೈಕಿನ ಹತ್ತಿರದಿಂದ ಹಿಂದಕ್ಕೆ ಅಳೆಯೋಣ. 1779ರಲ್ಲಿ ಹೈದರಾಲಿ ದುರ್ಗ ಹಿಡಿದನಲ್ಲ, ಅದು ಇಲ್ಲಿಂದ ಒಂದು ಗೇಣು. ಮಹಾರಾಷ್ಟ್ರದ ತುಂಬ, ನಮ್ಮ ಬೆಳಗಾವಿ, ವಿಜಯಪುರದ ಕಡೆಗೂ ಹಾಸಿಕೊಂಡ ಕಪ್ಪು ಲಾವಾ ಇದೆಯಲ್ಲ, ಅದು ಸುಮಾರು 6.6 ಕೋಟಿ ವರ್ಷದ್ದು. ಅಂದರೆ 66 ಕಿಲೋಮೀಟರ್. ಇಲ್ಲಿಂದ ಹೊರಟು ಚಿತ್ರದುರ್ಗ ದಾಟಿದ ಹಾಗೆ. ಡೈನೋಸಾರ್‌ಗಳು ಹೋಗಿದ್ದೂ ಅಲ್ಲೇ. ನಾನು ಹೇಳುತ್ತಿರುವ ಹಿರಿಯೂರು ಸೀಮೆಯ ಮರಡಿಹಳ್ಳಿಯ ಲಾವಾ ಕಡಿಮೆ ಅಂದರೂ 250 ಕೋಟಿ ವರ್ಷದ್ದು. 2,500 ಕಿಲೋಮೀಟರ್! ದೆಹಲಿ ದಾಟಿ ಇನ್ನೂ ಮುಂದಕ್ಕೆ ಹೋಗಬೇಕು. ಆಗ ಡೈನೋಸಾರ್ ಹಾಗಿರಲಿ, ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

ಮರಡಿಹಳ್ಳಿ ಇರುವುದು ಐಮಂಗಲದ ಹತ್ತಿರ. ಅಲ್ಲಿನ ದಿಂಬು ಲಾವಾವನ್ನು, ಅಂದರೆ ದಿಂಬಿನ ಆಕಾರದಲ್ಲಿ ಗಟ್ಟಿಯಾದ ಲಾವಾವನ್ನು, 1976ರಲ್ಲೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ. ನಾನು ಮೊದಲ ಸಲ ಹೋಗಿದ್ದು ಏಪ್ರಿಲ್ ಬಿಸಿಲಲ್ಲಿ. ದಾರಿ ತಪ್ಪಿತು. ಕುರಿ ಕಾಯುತ್ತಿದ್ದ ಅಜ್ಜ ಒಬ್ಬರು ಸಿಕ್ಕರು. "ಯಜ್ಜಾ, ಇಲ್ಲಿ ದಿಂಬು ಎಲ್ಲಿವೆ?" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಸಿಗೆ ಅಂಗಡಿ ಹಿರಿಯೂರಾಗೆ ಐತೆ, ಬಸ್ ಹತ್ತು" ಅಂದರು. ಆಮೇಲೆ ಕಲ್ಲಿನ ವಿಷಯ ಅಂತ ಬಿಡಿಸಿ ಹೇಳಿದೆ. ಅವರೇ ಕರೆದುಕೊಂಡು ಹೋದರು. ನೋಡಿದರೆ ಅವರ ಕುರಿಗಳು ಆ ದಿಂಬುಗಳ ಮೇಲೇ ನಿಂತಿದ್ದವು.

ಮೊದಲಿಗೆ ನನಗೂ ಏನೂ ಕಾಣಲಿಲ್ಲ. ಬರೀ ಕಂದು ಧೂಳಿನ ಬಂಡೆ. ಬಾಟಲಿಯ ನೀರು ಸುರಿದೆ. ಆಗ ನೋಡಿ! ಕಲ್ಲು ಹಸಿರಾಯಿತು. ಗುಂಡನೆಯ, ಉದ್ದನೆಯ ಉಬ್ಬುಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಪ್ರತಿ ಉಬ್ಬಿನ ಸುತ್ತ ಕಡುಬಣ್ಣದ ಅಂಚು, ದಿಂಬಿನ ಕವರಿಗೆ ಹೊಲಿಗೆ ಹಾಕಿದ ಹಾಗೆ. ಇನ್ನೊಂದು, ಮತ್ತೊಂದು ಅಂತ ಸುರಿದೂ ಸುರಿದೂ ಎರಡು ಬಾಟಲಿ ಖಾಲಿ ಮಾಡಿದೆ. ಕುಡಿಯಲು ಹನಿ ಉಳಿಯಲಿಲ್ಲ. ಅಜ್ಜ ತಮ್ಮ ನೀರು ಕೊಟ್ಟರು. "ಕಲ್ಲಿಗೆ ಹಾಕಂಗಿಲ್ಲ" ಅಂತ ಮೊದಲೇ ಮಾತು ತಗೊಂಡು.

ಈಗ ಮೆಣಸಿನಕಾಯಿಗೆ ಬರೋಣ. ಹಿಟ್ಟಿನಲ್ಲಿ ಅದ್ದಿ ಬಾಣಲೆಗೆ ಬಿಟ್ಟ ಕೂಡಲೇ ಏನಾಗುತ್ತದೆ? ಹೊರಗೆ ತಟ್ಟನೆ ಸಿಪ್ಪೆ ಕಟ್ಟುತ್ತದೆ, ಒಳಗಿನ ಹಿಟ್ಟು ಇನ್ನೂ ಹಸಿ. ಒಮ್ಮೊಮ್ಮೆ ಸಿಪ್ಪೆ ಒಡೆದು ಪಕ್ಕದಲ್ಲಿ ಒಂದು ಸಣ್ಣ ಬಾಲ ಹೊರಬರುತ್ತದೆ, ಅಲ್ವಾ? ಸಮುದ್ರದಡಿ ಆಗುವುದೂ ಇದೇ, ಬಿಸಿ ತಂಪು ಮಾತ್ರ ಅದಲು ಬದಲು. 1,100 ಡಿಗ್ರಿಗಿಂತ ಜಾಸ್ತಿ ಕಾದ ಲಾವಾ ತಣ್ಣೀರಿಗೆ ಮೂತಿ ಹಾಕುತ್ತದೆ. ಹೊರಮೈ ಕ್ಷಣದಲ್ಲಿ ಗಾಜಾಗುತ್ತದೆ, ಒಳಗೆ ಇನ್ನೂ ಕುದಿ. ಹಿಂದಿನಿಂದ ಒತ್ತಡ ಬಂದು ಸಿಪ್ಪೆ ಸೀಳುತ್ತದೆ. ಅಲ್ಲಿಂದ ಇನ್ನೊಂದು ದಿಂಬು ಹೊರಬೀಳುತ್ತದೆ. ಇದನ್ನು ಊಹೆ ಅನ್ನಬೇಡಿ. 1970ರ ದಶಕದಲ್ಲಿ ಹವಾಯಿಯ ಕಿಲೌಯಾ ಲಾವಾ ಕಡಲಿಗೆ ಬೀಳುವಾಗ ಡೈವರ್‌ಗಳು ನೀರಿಗಿಳಿದು ಚಿತ್ರೀಕರಿಸಿದ್ದಾರೆ. ನನ್ನ ಹೆಂಡತಿ ಇಂಥವರನ್ನೆಲ್ಲ "ಬುದ್ಧಿ ಕಮ್ಮಿ" ಅನ್ನುತ್ತಾಳೆ. ನನ್ನನ್ನೂ ಸೇರಿಸಿ.

ಮೆತ್ತಗಿದ್ದಾಗ ಬಿದ್ದ ದಿಂಬು ಕೆಳಗಿನ ಎರಡರ ಸಂದಿಗೆ ಜೋತು ಬೀಳುತ್ತದೆ. ಮೇಲೆ ಉಬ್ಬು, ಕೆಳಗೆ ಬಾಲ. ಈ ಸೀಮೆಯ ಕಲ್ಲಿನ ಪದರಗಳು ಭೂಮಿಯ ಒತ್ತಡಕ್ಕೆ ಮಡಿಚಿ ಓರೆಯಾಗಿವೆ, ಯಾವುದು ಮೇಲೆ ಯಾವುದು ಕೆಳಗೆ ತಿಳಿಯುವುದು ಕಷ್ಟ. ಬಾಲ ಯಾವ ಕಡೆಗಿದೆಯೋ ಅದೇ ಆಗಿನ ಸಮುದ್ರದ ತಳ. ಒಂದು ಬಾಲ ನೋಡಿ ಇಷ್ಟು ಹೇಳಬಹುದು ಅಂತ ತಿಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಚಿತ್ರದುರ್ಗದ ಹತ್ತಿರದ ಇಂಗಳದಾಳದ ತಾಮ್ರದ ಗಣಿಯೂ ಇದೇ ಲಾವಾ ಕಲ್ಲುಗಳ ನಂಟೇ. ಅಲ್ಲಿ ತಾಮ್ರದ ಜೊತೆ ಪೈರೈಟ್ ಅನ್ನುವ ಹಳದಿ ಹೊಳಪಿನ ಖನಿಜವೂ ಇದೆ. ಪರಿಚಯದವರೊಬ್ಬರು ಅಂಥದ್ದೊಂದು ಚೂರನ್ನು ಕರ್ಚೀಫಿನಲ್ಲಿ ಸುತ್ತಿ, ಬಾಗಿಲು ಹಾಕಿಸಿ, "ಚಿನ್ನ" ಅಂತ ಪಿಸುಗುಟ್ಟಿ ತೋರಿಸಿದ್ದರು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂದೆ. ಬೇಜಾರಾಗಿ ಕಾಫಿಯನ್ನೂ ಕುಡಿಯದೆ ಹೋದರು.

ಮುಂದಿನ ಭಾನುವಾರ ಬರುವವರು ಹೆಸರು ಕೊಡಿ. ಸುತ್ತಿಗೆ ತರಬೇಡಿ, ಅದು ಸ್ಮಾರಕ. ಟೋಪಿ ಇರಲಿ. ನೀರು ಮಾತ್ರ ಮೂರು ಬಾಟಲಿ: ನಿಮಗೊಂದು, ಕಲ್ಲಿಗೊಂದು, ಅಜ್ಜ ಸಿಕ್ಕರೆ ಅವರಿಗೊಂದು. ಅದು ನನ್ನ ಹಳೇ ಬಾಕಿ.