ಅಕ್ಷರ ಹಚ್ಚಿದ ಸಂತೆ

ಕೇಳುಗರೇ, ನಮಸ್ಕಾರ. ಇವತ್ತು ಒಂದು ಚಿತ್ರದ ಮಾತು. ರೇಡಿಯೋದಲ್ಲಿ ಎಂಥ ಚಿತ್ರ ಅಂತ ನಗಬೇಡಿ. ಇದು ಸಂತೆಯ ಚಿತ್ರ, ಗದ್ದಲ ನಿಮ್ಮ ಕಿವಿಗೆ ತಾನಾಗಿಯೇ ಬರುತ್ತದೆ.

ಊರು ಕೇಪ್ ಕೋಸ್ಟ್, ಈಗಿನ ಘಾನಾದ ಕರಾವಳಿಯಲ್ಲಿದೆ. ಪೋರ್ಚುಗೀಸರು ಅದನ್ನು ಕಾಬೊ ಕೊರ್ಸೊ ಅನ್ನುತ್ತಿದ್ದರು. ಪೀಟರ್ ಡಿ ಮಾರೆಸ್ ಎಂಬ ಡಚ್ಚರವನು ಆ ಕಡೆ ಹೋಗಿ ಬಂದು, 1602ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. ನಮ್ಮ ಚಿತ್ರ ಅದರಲ್ಲಿದೆ. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಗೆರೆಯೊಳಗೆ ಶಾಯಿ ತುಂಬಿ, ಒದ್ದೆ ಕಾಗದಕ್ಕೆ ಒತ್ತಿ ತೆಗೆದದ್ದು.

ಮೊದಲು ಕಣ್ಣಿಗೆ ಬೀಳುವುದು ಜನರಲ್ಲ, ಅಕ್ಷರಗಳು. ಎ, ಬಿ, ಸಿ ಅಂತ ಚಿತ್ರದ ತುಂಬಾ ಚೆಲ್ಲಿವೆ. ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಹೂವಿನ ಭಾಗಗಳಿಗೆ ಗುರುತು ಹಾಕುತ್ತಾರಲ್ವಾ, ಹಾಗೆ. ಜೊತೆಗೆ ಒಂದು ವಿವರಣೆ: ಇಲ್ಲಿ ಕೋಳಿ, ಇಲ್ಲಿ ಮೀನು, ಇಲ್ಲಿ ಸೌದೆ, ಇಲ್ಲಿ ಹೆಂಡ. ಕುಡಿಯುವ ನೀರಿಗೂ ಒಂದು ಜಾಗ! ಆ ಕಾಲದ ಯುರೋಪಿಯನ್ನರು ಈ ಜನರನ್ನು ಕಾಡುಜನ ಅಂತ ಬರೆಯುತ್ತಿದ್ದರು. ಆದರೆ ಈ ಸಂತೆಯಲ್ಲಿ ಯಾರ ಜಾಗ ಯಾರದು ಅನ್ನುವ ಗೊಂದಲವೇ ಇಲ್ಲ. ಅಕ್ಷರ ಹಚ್ಚಿದವನೇ ಅದಕ್ಕೆ ಸಾಕ್ಷಿ.

ದಿನದ ಲೆಕ್ಕವೂ ಪುಸ್ತಕದಲ್ಲಿದೆ. ಬೆಳಕು ಹರಿಯುವಾಗಲೇ ಕಬ್ಬಿನ ಕಟ್ಟು ತಲೆ ಮೇಲೆ ಹೊತ್ತು ರೈತರು ಬರುತ್ತಾರೆ. ಹಿಂದೆಯೇ ಹೆಂಗಸರು, ಬೆನ್ನಿಗೆ ಕೂಸು, ತಲೆ ಮೇಲೆ ಹಣ್ಣು, ಕಾಳು. ಬೆಳಗಿನ ಸರಕು ಮುಗಿದ ಮೇಲೆ ಹೆಂಡ ಬರುತ್ತದೆ. ಮೀನು ಕೊಂಡ ಹೆಂಗಸರು ಅಲ್ಲಿಗೇ ನಿಲ್ಲುವುದಿಲ್ಲ, ಒಳನಾಡಿಗೆ ನಡೆದುಕೊಂಡು ಹೋಗಿ ಮಾರುತ್ತಾರೆ. ಚಿಲ್ಲರೆ ಅಂದರೆ ಚಿನ್ನದ ಪುಡಿ, ಚಿನ್ನದ ಸಣ್ಣ ಚೂರು. ಅದನ್ನು ತೂಗಿ ಕೊಳ್ಳಬೇಕು. ಎರಡು ಬಾಳೆಹಣ್ಣಿಗೆ ಚಿನ್ನ ತೂಗುವುದನ್ನು ನೆನೆಸಿಕೊಳ್ಳಿ.

ಒಂದೆರಡು ವರ್ಷಕ್ಕೆ ಇದೇ ವಿಷಯವನ್ನು ಫ್ರಾಂಕ್‌ಫರ್ಟಿನ ಡಿ ಬ್ರಿ ಮನೆಯವರು ಹೊಸದಾಗಿ ಕೆತ್ತಿ ಅಚ್ಚು ಹಾಕಿದರು. ಅವರು ಆಫ್ರಿಕಾ ನೋಡಿದವರಲ್ಲ. ಅವರ ಕೈಯಲ್ಲಿ ಮಾರುವವರ ಮೈಕಟ್ಟೆಲ್ಲ ರೋಮಿನ ಕಲ್ಲುಗೊಂಬೆಯ ಹಾಗೆ. ತೊಡೆ, ತೋಳು ಎಲ್ಲ ಅಮೃತಶಿಲೆ! ನನಗೆ ಇದು ಸುಮ್ನೆ ತಮಾಷೆಯಾಗಿ ಕಾಣುವುದಿಲ್ಲ. ನೋಡದ ಊರನ್ನು ಕೆತ್ತುವವನು ತನಗೆ ಗೊತ್ತಿರುವ ಮೈಯನ್ನೇ ತಾನೆ ಕೆತ್ತುವುದು.

ಇವತ್ತು ಕೇಪ್ ಕೋಸ್ಟ್ ಅಂದರೆ ಜನ ನೆನೆಯುವುದು ಕಡಲ ಅಂಚಿನ ಬಿಳಿ ಕೋಟೆಯನ್ನು. 1653ರಲ್ಲಿ ಸ್ವೀಡನ್ನಿನವರು ಶುರು ಮಾಡಿದರು. ಮುಂದೆ ಬ್ರಿಟಿಷರು ಹಿಡಿದರು. ಗುಲಾಮರನ್ನು ಅದರ ನೆಲಮಾಳಿಗೆಗಳಲ್ಲಿ ಕೂಡಿಹಾಕಿ ಹಡಗಿಗೆ ತುಂಬುತ್ತಿದ್ದರು. 1602ರ ಚಿತ್ರದಲ್ಲಿ ಆ ಕೋಟೆಯನ್ನು ಹುಡುಕಿದರೆ ಸಿಗುವುದಿಲ್ಲ. ಅಲ್ಲಿರುವುದು ಕೋಳಿ, ಮೀನು, ಸೌದೆ, ನೀರು.

ನಮಸ್ಕಾರ.